ನಮ್ಮ ಬಡಾವಣೆ ಕಾಫಿ ಅಂಗಡಿಗೆ 114ಕ್ಕೆ 86 ಬಂದಿದೆ, ಈ ತಪಾಸಣಾ ವರದಿ ಓದೋದು ಹೇಗೆ?

ಮೂರನೇ ಕ್ರಾಸ್:
ಎಲ್ರಿಗೂ ನಮಸ್ಕಾರ. ಬೆಂಗಳೂರು ದಕ್ಷಿಣದ ಕಡೆಯವರು ನಾವು. ಅಂಗಡಿ ಹೆಸರು, ಬಡಾವಣೆ ಹೆಸರು ಎರಡೂ ಹಾಕಲ್ಲ, ಯಾರ ವ್ಯಾಪಾರಕ್ಕೂ ಕಲ್ಲು ಹಾಕೋ ಉದ್ದೇಶ ಇಲ್ಲ. ನಿಂತ್ಕೊಂಡು ಕುಡಿಯೋ ದರ್ಶಿನಿ, ಬೆಳಿಗ್ಗೆ ವಾಕಿಂಗ್ ಮುಗಿಸಿದ ಹಿರಿಯರು, ಮಕ್ಕಳನ್ನ ಸ್ಕೂಲ್ ವ್ಯಾನ್ ಹತ್ತಿಸಿ ಬರೋ ಅಮ್ಮಂದಿರು, ಆಟೋದವರು ಎಲ್ರೂ ಅಲ್ಲೇ ಸೇರೋದು. ಬೇಸಿಗೇಲಿ ಟ್ಯಾಂಕರ್ ನೀರು ಶುರುವಾದ ಮೇಲೆ ನಮ್ಮ ರಸ್ತೇಲಿ ಸುಮಾರು ಮನೇಲಿ ವಾಂತಿ ಭೇದಿ ಆಯ್ತು. ಅದು ಮನೆ ಸಂಪಿನಿಂದ ಬಂತೋ ಹೊರಗಡೆಯಿಂದ ಬಂತೋ ಹೇಳೋಕಾಗಲ್ಲ, ಅಂಗಡಿ ಮೇಲೆ ಹೊರಿಸೋಕೆ ನನ್ನ ಹತ್ರ ಆಧಾರಾನೂ ಇಲ್ಲ. ಆದ್ರೆ ಅಲ್ಲಿ ಕೊನೇ ಸಲ ತಪಾಸಣೆ ಯಾವಾಗ ಆಯ್ತು, ಏನು ಬರೆದ್ರು ಅಂತ ತಿಳ್ಕೊಳ್ಳೋಣ ಅಂತ ಆರ್‌ಟಿಐ ಹಾಕ್ದೆ, ಕಾಪಿ ಬಂತು.

ವರದಿ ಪ್ರಕಾರ 114 ಅಂಕಕ್ಕೆ 86, ಗ್ರೇಡ್ 'ಬಿ', ಸುಧಾರಣೆ ಬೇಕು ಅಂತ ಷರಾ. ಅಂಕ ಹೋಗಿರೋದು ನೀರಿನ ಪರೀಕ್ಷೆ ವರದಿ ಇಲ್ಲ, ಕೆಲಸದವರ ವೈದ್ಯಕೀಯ ಸರ್ಟಿಫಿಕೇಟ್ ಅವಧಿ ಮುಗಿದಿದೆ, ಲೋಟ ತೊಳೆಯೋ ಜಾಗದಲ್ಲಿ ಹರಿಯೋ ನೀರಿಲ್ಲ, ಕಾಫಿ ಚರಟದ ಬಕೆಟ್‌ಗೆ ಮುಚ್ಚಳ ಇಲ್ಲ, ಮೋರಿ ಜಾಲರಿ ಮುರಿದಿದೆ, ಹೀಗೆ. ನನಗೆ ತಲೆ ಕೆಡೋದು ಎಲ್ಲಿ ಅಂದ್ರೆ ಅದೇ ಅಂಗಡಿ ಗಲ್ಲಾ ಹಿಂದೆ ಐದು ಸ್ಮೈಲಿ ಇರೋ ಸರ್ಟಿಫಿಕೇಟು ಫ್ರೇಮ್ ಹಾಕಿ ತೂಗುಹಾಕಿದಾರೆ. ಐದಕ್ಕೆ ಐದು! ಯಾವುದನ್ನ ನಂಬೋದು? ನನ್ನ ಮಗಳು ದಿನಾ ಅಲ್ಲಿ ಹಾಲು ಕುಡೀತಾಳೆ, ಅದಕ್ಕೇ ಕೇಳ್ತಿರೋದು.

ರಿಟೈರ್ಡ್ ಇನ್‌ಸ್ಪೆಕ್ಟರ್:
ಈ ಇಲಾಖೇಲೇ ಕೆಲಸ ಮಾಡಿ ನಿವೃತ್ತಿ ಆದವನು, ಗೊತ್ತಿರೋದು ಹೇಳ್ತೀನಿ. ನೀವು ನೋಡಿದ ಎರಡು ಕಾಗದಾನೂ ಬೇರೆ ಬೇರೆ ದಾರೀಲಿ ಬಂದಿರೋದು. ಸ್ಮೈಲಿ ಅನ್ನೋದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಹೈಜೀನ್ ರೇಟಿಂಗ್, ಅಂದ್ರೆ ಶುಚಿತ್ವದ ಅಂಕ, ಅದು ಕಡ್ಡಾಯ ಅಲ್ಲ, ಅಂಗಡಿಯವರೇ ಮುಂದೆ ಬಂದು ಅರ್ಜಿ ಹಾಕಿ, ಮಾನ್ಯತೆ ಪಡೆದ ಖಾಸಗಿ ಆಡಿಟ್ ಏಜೆನ್ಸಿಯಿಂದ ಮಾಡಿಸ್ಕೊಳ್ಳೋದು. ಬರೋ ದಿನ ಮೊದಲೇ ಗೊತ್ತಿರುತ್ತೆ, ಆವತ್ತು ಅಡುಗೆಮನೆ ಫಳಫಳ ಅಂತಿರುತ್ತೆ. ಸುಳ್ಳು ಅಂತ ಹೇಳ್ತಿಲ್ಲ, ಆವತ್ತಿನ ಮಟ್ಟಿಗೆ ನಿಜ. ಸರ್ಟಿಫಿಕೇಟ್ ಮೇಲಿರೋ ದಿನಾಂಕ ನೋಡಿ.

ನಿಮ್ಮ ಕೈಲಿರೋ 114ರ ವರದಿ ಆಹಾರ ಸುರಕ್ಷತಾಧಿಕಾರಿ ಮಾಡಿದ್ದು, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಪ್ರಕಾರ. ಫಾಸ್ಕೋರಿಸ್ ಅಂತ ಆ್ಯಪ್ ಇದೆ, ಅದರಲ್ಲಿ ಸ್ಥಳದಲ್ಲೇ ಒಂದೊಂದಕ್ಕೂ ಅಂಕ ಹಾಕ್ತಾರೆ. 100 ಮತ್ತೆ ಮೇಲಿದ್ರೆ ಎ ಪ್ಲಸ್, 91ರಿಂದ 99 ಎ, 81ರಿಂದ 90 ಬಿ, ಅದಕ್ಕಿಂತ ಕೆಳಗೆ ಹೋದ್ರೆ ಗ್ರೇಡೇ ಇಲ್ಲ. ಆದ್ರೆ ಒಟ್ಟು ಅಂಕ ನೋಡಿ ಸುಮ್ನಾಗಬೇಡಿ ಸರ್, ಪಟ್ಟೀಲಿ ಕೆಲವಕ್ಕೆ ನಕ್ಷತ್ರ ಗುರುತು ಇರುತ್ತೆ, ಅವಕ್ಕೆ 4 ಅಂಕ, ಉಳಿದವಕ್ಕೆ 2. ಕುಡಿಯೋ ನೀರು ನಕ್ಷತ್ರದ್ದು. ಕುಡಿಯೋ ನೀರಿಗೆ ಅಂತ ಇರೋ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ದಾಖಲೆ ಇಟ್ಟಿರಬೇಕು. ನಕ್ಷತ್ರದ್ದು ಒಂದು ಬಿದ್ರೂ ಮಿಕ್ಕಿದ್ದೆಲ್ಲಾ ಚೆನ್ನಾಗಿದ್ರೂ ನಿಯಮ ಪಾಲನೆ ಆಗಿಲ್ಲ ಅಂತ ಬರೀಬಹುದು.

ನಾನಾದ್ರೆ ನಿಮ್ಮ ಪಟ್ಟೀಲಿ ಮೋರಿ ಜಾಲರಿ ಬಗ್ಗೆ ಆಮೇಲೆ ಯೋಚಿಸ್ತೀನಿ, ನೀರು ಮತ್ತೆ ಲೋಟ ಮೊದಲು.

ನಲ್ವತ್ತು ವರ್ಷದ ಗಿರಾಕಿ:
ಕ್ಷಮಿಸಿ, ನನಗಿದು ಸ್ವಲ್ಪ ಅತಿ ಅನ್ಸುತ್ತೆ. ಇಂಥ ಅಂಗಡಿಗಳಲ್ಲೇ ಕುಡಿದು ಬೆಳೆದವರು ನಾವು, ನಮಗೇನೂ ಆಗ್ಲಿಲ್ಲ. ಕುದಿಯೋ ಹಾಲಿಗೆ ಬಿಸಿ ಡಿಕಾಕ್ಷನ್ ಹಾಕಿ ಕೊಡ್ತಾರೆ, ಅದರಲ್ಲಿ ಯಾವ ಕ್ರಿಮಿ ಬದುಕುತ್ತೆ? ಕಾಗದ ಪತ್ರ ಸರಿ ಇಲ್ಲ ಅಂತ ಒಂದು ಒಳ್ಳೇ ಅಂಗಡಿ ಮುಚ್ಚಿಸಿದ್ರೆ ಆ ಜಾಗಕ್ಕೆ ಯಾವುದೋ ಚೈನ್ ಕೆಫೆ ಬಂದು ಇನ್ನೂರು ರೂಪಾಯಿಗೆ ಕಾಫಿ ಮಾರುತ್ತೆ, ಆಗ ಆಟೋದವರು ಎಲ್ಲಿಗೆ ಹೋಗ್ಬೇಕು?

ಲ್ಯಾಬ್ ಟೀಚರ್:
ಮುಚ್ಚಿಸಿ ಅಂತ ಇಲ್ಲಿ ಯಾರೂ ಹೇಳ್ಲಿಲ್ಲ ಸರ್. ಮೈಕ್ರೋಬಯಾಲಜಿ ಪಾಠ ಮಾಡ್ತೀನಿ, ಅದರ ಮೇಲೆ ಹೇಳ್ತಿದೀನಿ. ಕಾಫಿ ಬಗ್ಗೆ ನೀವು ಹೇಳಿದ್ದು ಹೆಚ್ಚುಕಮ್ಮಿ ಸರಿ, ಬಿಸಿ ಕಾಫಿ ತಾನಾಗಿ ಅಂಥ ಅಪಾಯದ ಪದಾರ್ಥ ಅಲ್ಲ. ತೊಂದ್ರೆ ಕಾಫಿ ಸುತ್ತ ಇರೋದರಲ್ಲಿ.

ಒಂದು ಸಲ ರಶ್ ಟೈಮಲ್ಲಿ ಕೌಂಟರ್ ಪಕ್ಕದಲ್ಲಿ ನಿಂತು ಲೋಟ ತೊಳೆಯೋ ಕಡೆ ನೋಡಿ. ಒಂದು ಸ್ಟೀಲ್ ಬೇಸಿನ್, ಅದರಲ್ಲಿ ನೀರು. ಬೆಳಿಗ್ಗೆ ಆರಕ್ಕೆ ಹಾಕುವಾಗ ಹಬೆ ಆಡ್ತಿರುತ್ತೆ. ಎಂಟೂವರೆ ಹೊತ್ತಿಗೆ ಅದು ಉಗುರು ಬೆಚ್ಚಗೆ, ಮೇಲೆ ಹಾಲಿನ ಜಿಡ್ಡು ತೆಳ್ಳಗೆ ಬಣ್ಣಬಣ್ಣವಾಗಿ ತೇಲ್ತಿರುತ್ತೆ, ತಳದಲ್ಲಿ ಸಕ್ಕರೆ ಹರಳು ಮತ್ತೆ ಕಂದು ಗಸಿ ಕೂತಿರುತ್ತೆ. ಹುಡುಗ ಎರಡು ಬೆರಳು ಲೋಟದ ಒಳಗೆ, ಹೆಬ್ಬೆರಳು ಹೊರಗೆ ಹಿಡಿದು ಅದ್ದಿ, ಜಾಡಿಸಿ, ಸಾಲಾಗಿ ಜೋಡಿಸ್ತಾನೆ. ಮುಂದಿನವರು ತುಟಿ ಇಡೋ ಜಾಗದಲ್ಲೇ ಅವನ ಬೆರಳು ಇದ್ದಿದ್ದು. ಬಿಸಿನೀರಲ್ಲಿ ಅದ್ದಿ ಕ್ರಿಮಿ ಸಾಯಬೇಕು ಅಂದ್ರೆ ಆ ನೀರು 77 ಡಿಗ್ರಿ ಆದ್ರೂ ಇರಬೇಕು, ಲೋಟ ಅದರಲ್ಲಿ 30 ಸೆಕೆಂಡ್ ಮುಳುಗಿರಬೇಕು. ಬೆಚ್ಚಗಿನ ಹಾಲುನೀರಲ್ಲಿ ಅದ್ದಿದ್ರೆ ಒಬ್ಬರ ಎಂಜಲು ಎಲ್ಲರಿಗೂ ಹಂಚಿದಂಗೆ ಆಗುತ್ತೆ ಅಷ್ಟೇ.

ನಿಮಗೆ ಏನೂ ಆಗ್ಲಿಲ್ಲ ಅನ್ನೋದು ಸಂತೋಷ. ಆದ್ರೆ ಟೈಫಾಯಿಡ್ ಕ್ರಿಮಿ ಹೊತ್ತಿರೋ ಕೆಲವರಿಗೆ ಜ್ವರ ಗಿರ ಏನೂ ಇರಲ್ಲ, ಗಟ್ಟಿಮುಟ್ಟಾಗಿ ಓಡಾಡ್ಕೊಂಡು ವರ್ಷಗಟ್ಟಲೆ ಹರಡ್ತಾರೆ. ಕೆಲಸದವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ, ಲಸಿಕೆ ಅಂತ ನಿಯಮ ಇಟ್ಟಿರೋದು ಅದಕ್ಕೇ. ಅದನ್ನ ಬರೀ ಕಾಗದ ಅನ್ಬೇಡಿ ದಯವಿಟ್ಟು.

ಕುಂದಾಪ್ರ ಹೋಟ್ಲು:
ನಮ್ದೂ ಹೋಟೆಲೇ, ಬೆಂಗಳೂರಲ್ಲಿ ಎರಡನೇ ತಲೆಮಾರು. ಮೇಡಂ ಹೇಳಿದ ಬೇಸಿನ್ ಚಿತ್ರ ಓದಿ ಬೇಜಾರಾಯ್ತು, ಯಾಕಂದ್ರೆ ನಿಜ. ಆದ್ರೆ ಅದು ಯಾಕೆ ಹಾಗಾಗುತ್ತೆ ಅಂತ ಗಲ್ಲಾ ಕಡೆಯಿಂದಾನೂ ಒಬ್ಬರು ಹೇಳ್ಬೇಕಲ್ವಾ.

ಮೂಲ ಕಾರಣ ಲೋಟದ ಲೆಕ್ಕ. ಎಂಟರಿಂದ ಒಂಬತ್ತೂವರೆ ತನಕ ಜನ ಮುಗಿಬೀಳ್ತಾರೆ, ಅಂಗಡೀಲಿರೋ ಲೋಟ ಅದಕ್ಕೆ ಸಾಲಲ್ಲ, ಕುಡಿದಿಟ್ಟ ಲೋಟ ಎರಡು ನಿಮಿಷದಲ್ಲಿ ಮತ್ತೆ ಕಾಫಿ ಮಾಸ್ಟರ್ ಕೈಗೆ ಸೇರಬೇಕು. ಆ ಹುಡುಗನಿಗೆ ಸೋಪು ಹಾಕಿ ಉಜ್ಜೋಕೆ, ನಲ್ಲಿ ಕೆಳಗೆ ಹಿಡಿಯೋಕೆ ಟೈಮೇ ಕೊಟ್ಟಿರಲ್ಲ. ಅವನನ್ನ ಬೈದು ಏನೂ ಪ್ರಯೋಜನ ಇಲ್ಲ. ನಾವು ಲೋಟ ದುಪ್ಪಟ್ಟು ಮಾಡಿ, ಕ್ರೇಟಲ್ಲಿ ತುಂಬಿ ಒಂದೊಂದು ಸುತ್ತು ಒಟ್ಟಿಗೆ ತೊಳೆದು ಹಬೆ ಪೆಟ್ಟಿಗೇಲಿ ಇಡೋದು ಶುರು ಮಾಡಿದ ಮೇಲೆ ಬೇಸಿನ್ನೇ ಎತ್ತಿಟ್ವಿ. ದುಡ್ಡು ಜಾಸ್ತಿ ಏನಾಗ್ಲಿಲ್ಲ, ಜಾಗ ಮಾಡ್ಕೊಳ್ಳೋದೇ ಕಷ್ಟ ಆಯ್ತು, ಹತ್ತಡಿ ಅಗಲದ ಅಂಗಡೀಲಿ ಕ್ರೇಟ್ ಇಡೋದೆಲ್ಲಿ.

ನೀರಿನ ವಿಷಯ ಇನ್ನೊಂದು. ಕಾವೇರಿ ನೀರು ಬರೋ ದಿನ ಸರಿ, ಬರದ ದಿನ ಟ್ಯಾಂಕರ್. ಒಂದು ಟ್ಯಾಂಕರ್‌ನವನು ಇವತ್ತು ಒಂದು ಬೋರಿಂದ ತರ್ತಾನೆ, ನಾಳೆ ಇನ್ನೊಂದ್ಕಡೆಯಿಂದ. ಆರು ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸಿದ ವರದಿ ಯಾವ ನೀರಿಂದು ಅಂತ ಹೇಳೋದು? ಮತ್ತೆ ಹುಡುಗ್ರು. ಒಡಿಶಾ, ಅಸ್ಸಾಂ ಕಡೆಯಿಂದ ಬರ್ತಾರೆ, ಹಬ್ಬಕ್ಕೆ ಊರಿಗೆ ಹೋದವರು ವಾಪಸ್ ಬರ್ತಾರೋ ಇಲ್ವೋ, ಸರ್ಟಿಫಿಕೇಟು ಅವರವರ ಹೆಸರಿಗೆ, ಹೊಸಬ ಬಂದ ತಕ್ಷಣ ಮತ್ತೆ ಮೊದಲಿಂದ. ಮಾಡಬಾರದು ಅಂತಲ್ಲ, ಮಾಡ್ಲೇಬೇಕು, ಮಾಡ್ತೀವಿ. ಇಷ್ಟು ಕಷ್ಟ ಇದೆ ಅಂತ ಗಿರಾಕಿಗೂ ಗೊತ್ತಿರ್ಲಿ.

ರಿಟೈರ್ಡ್ ಇನ್‌ಸ್ಪೆಕ್ಟರ್:
ಕುಂದಾಪುರದವರ ಮಾತು ಒಪ್ತೀನಿ. ಟ್ಯಾಂಕರ್ ನೀರು ಇರೋ ಕಡೆ ಲ್ಯಾಬ್ ವರದಿ ಜೊತೆಗೆ ಸಂಪಿನ ಕ್ಲೋರಿನ್ ದಿನಾ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ ಅಂತ ನಾನು ಅಂಗಡಿಯವರಿಗೆ ಹೇಳ್ತಿದ್ದೆ. ಚಿಕ್ಕ ಕಿಟ್ ಸಿಗುತ್ತೆ, ಹನಿ ಹಾಕಿದ್ರೆ ಬಣ್ಣ ತೋರಿಸುತ್ತೆ.

ಕ್ವೀನ್ಸ್ ಕನ್ನಡಿಗ:
ನ್ಯೂಯಾರ್ಕಿಂದ ಬರೀತಿದೀನಿ, ಮೂಲ ಹಾಸನ. ಇಲ್ಲಿ ಹೇಗಿದೆ ಅಂತ ಹೇಳ್ತೀನಿ, ಉಪಯೋಗ ಆಗ್ಬಹುದು. 2010ರ ಜುಲೈಯಿಂದ ಈ ಊರಲ್ಲಿ ಪ್ರತಿ ರೆಸ್ಟೋರೆಂಟು, ಕಾಫಿ ಅಂಗಡಿ ಕಿಟಕಿ ಮೇಲೆ ಎ, ಬಿ, ಸಿ ಅಕ್ಷರದ ಕಾರ್ಡ್ ಅಂಟಿಸ್ಲೇಬೇಕು. ಹೇಳದೆ ಕೇಳದೆ ಬರ್ತಾರೆ. ಇಲ್ಲಿ ಲೆಕ್ಕ ಉಲ್ಟಾ, ತಪ್ಪಿಗೆ ಅಂಕ. 0ಯಿಂದ 13ರ ತನಕ ಎ, 14ರಿಂದ 27 ಬಿ, 28 ಮತ್ತೆ ಮೇಲಿದ್ರೆ ಸಿ. ಆಹಾರ ಸರಿಯಾದ ಉಷ್ಣತೇಲಿ ಇಡ್ಲಿಲ್ಲ ಅನ್ನೋಂಥ ದೊಡ್ಡ ತಪ್ಪಿಗೆ ಕನಿಷ್ಠ 7, ಸಣ್ಣದಕ್ಕೆ ಕನಿಷ್ಠ 2. ಮೊದಲನೇ ಸಲ ಎ ಬರದಿದ್ರೆ ಮತ್ತೆ ಬಂದು ನೋಡ್ತಾರೆ, ಗ್ರೇಡ್ ತೀರ್ಮಾನ ಆಗೋ ತನಕ 'ಗ್ರೇಡ್ ಪೆಂಡಿಂಗ್' ಅಂತ ಕಾರ್ಡ್ ಹಾಕೋ ಅವಕಾಶ ಇದೆ. ಯಾವ ಅಂಗಡೀಲಿ ಇಲಿ ಹಿಕ್ಕೆ ಸಿಕ್ತು, ಎಲ್ಲಿ ಫ್ರಿಜ್ ತಣ್ಣಗಿರ್ಲಿಲ್ಲ ಅಂತ ನಗರದ ವೆಬ್‌ಸೈಟಲ್ಲಿ ವಿಳಾಸ ಹಾಕಿ ಹುಡುಕಿದ್ರೆ ಪೂರ್ತಿ ಬರುತ್ತೆ.

ಇಲ್ಲೂ ಹೋಟೆಲಿನವರು ತುಂಬಾ ಗಲಾಟೆ ಮಾಡಿದ್ರು, ಈಗ್ಲೂ ಮಾಡ್ತಾರೆ, ದಂಡ ಜಾಸ್ತಿ, ಚಿಕ್ಕ ಅಂಗಡಿಗೆ ಏಟು ಅಂತ. ಅದರಲ್ಲೂ ನ್ಯಾಯ ಇದೆ. ಆದ್ರೂ ಬಾಗಿಲಲ್ಲಿ ನಿಂತು ಒಳಗೆ ಹೋಗೋದೋ ಬೇಡ್ವೋ ಅಂತ ನಾನೇ ತೀರ್ಮಾನ ಮಾಡ್ತೀನಿ, ಅದಕ್ಕೆ ಅರ್ಜಿ ಹಾಕಿ ಕಾಯೋ ಹಾಗಿಲ್ಲ. ನಮ್ಮ ಮೂರನೇ ಕ್ರಾಸ್‌ನವರ ವರದಿಗೂ ಇದಕ್ಕೂ ಇರೋ ವ್ಯತ್ಯಾಸ ಅಷ್ಟೇ, ತಪಾಸಣೆ ಎರಡೂ ಕಡೆ ಆಗಿದೆ, ನಮ್ಮಲ್ಲಿ ಕಾಗದ ಫೈಲಲ್ಲಿ ಮಲಗಿದೆ.

ಧಾರವಾಡ ಪೇಡೆ:
ಖರೇ ಹೇಳಿದ್ರಿ ಅಣ್ಣಾ. ನಮ್ಮಲ್ಲೂ ಹೊರಗ ಬಂದ ಮ್ಯಾಲೇ ಕೆಲಸ ಆಗೂದು. 2025ರ ಫೆಬ್ರವರಿಯೊಳಗ ಇಡ್ಲಿ ಬೇಯಸಾಕ ಬಟ್ಟಿ ಬದ್ಲಿ ಪ್ಲಾಸ್ಟಿಕ್ ಹಾಳಿ ಹಾಸ್ತಾರ ಅಂತ ತಪಾಸಣಿ ಆತಲ್ಲ, 251 ಕಡೆ ನೋಡಿದ್ರ 52 ಕಡೆ ಪ್ಲಾಸ್ಟಿಕ್ ಸಿಕ್ಕಿತ್ತು ಅಂತ ಆರೋಗ್ಯ ಮಂತ್ರಿ ದಿನೇಶ್ ಗುಂಡೂರಾವ್ ಅವರೇ ಹೇಳಿದ್ರು. ಅದು ಪೇಪರಿನ್ಯಾಗ ಬಂದ ಮರುದಿನದಿಂದ ನಮ್ಮ ಓಣ್ಯಾಗ ಮುದುಕ್ರು ಸೈತ ಇಡ್ಲಿ ತಟ್ಟಿ ತೋರಸ್ರಿ ಅಂತ ಕೇಳಾಕತ್ತಿದ್ರು. ಅದಕ್ಕಿಂತ ಮೊದಲ 2024ರಾಗ ಗೋಬಿ ಮಂಚೂರಿಗೆ ಹಾಕೂ ರೋಡಮೈನ್ ಬಣ್ಣ ಬಂದ್ ಮಾಡಿದಾಗೂ ಹಂಗ ಆತು. ಯಾರೂ ಕಲಿತವರು ಇರಬೇಕಂತಿಲ್ರಿ, ಗೊತ್ತಾತಂದ್ರ ಎಲ್ಲಾರೂ ಕೇಳ್ತಾರ.

ಪೇಪರ್ ಕಪ್:
ಲೋಟದ ತಲೆನೋವೇ ಬೇಡ, ಪೇಪರ್ ಕಪ್ಪಲ್ಲಿ ಕೊಡಿ ಅಂತ ಕೇಳಿದ್ರಾಯ್ತಲ್ಲ? ನಾನು ಹಾಗೇ ಮಾಡೋದು.

ಲ್ಯಾಬ್ ಟೀಚರ್:
ದಯವಿಟ್ಟು ಬೇಡ. ಆ ಕಪ್ಪಿನ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತೆ. ಐಐಟಿ ಖರಗ್‌ಪುರದವರು ಪರೀಕ್ಷೆ ಮಾಡಿದ್ರು, 85-90 ಡಿಗ್ರಿ ಬಿಸಿ ದ್ರವ 100 ಎಂಎಲ್ ಹಾಕಿ 15 ನಿಮಿಷ ಬಿಟ್ರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಅದಕ್ಕೆ ಸೇರುತ್ತೆ ಅಂತ. ಕಸದ ಗುಡ್ಡ ಬೇರೆ. ಸ್ಟೀಲ್ ಲೋಟದಂಥ ವಸ್ತು ಇನ್ನೊಂದಿಲ್ಲ, ಸರಿಯಾಗಿ ತೊಳೆದ್ರೆ.

ಬಸವನಗುಡಿ ಅಜ್ಜಿ:
ಮಕ್ಕಳೇ, ಲೋಟ ತೊಳೆಯೋ ವಿಷಯ ಈ ಊರಿಗೆ ಹೊಸದಲ್ಲ. 1924ರಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ಅಂತ ಶುರುವಾಗಿ ಆಮೇಲೆ ಎಂಟಿಆರ್ ಆಯ್ತಲ್ಲ, ಅದರ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನ ನೋಡ್ಕೊಂಡು ಬಂದ ಮೇಲೆ ಲೋಟ ತಟ್ಟೆ ಎಲ್ಲಾ ಹಬೇಲಿ ಶುದ್ಧ ಮಾಡೋ ಪದ್ಧತಿ ತಂದ್ರು. ಅಡುಗೆಮನೆ ಜನ ನೋಡೋ ಹಾಗಿತ್ತು. ಆಗ ಯಾವ ಆ್ಯಪೂ ಇರ್ಲಿಲ್ಲ, ಸ್ಮೈಲೀನೂ ಇರ್ಲಿಲ್ಲ. ಗಿರಾಕಿ ಕಣ್ಣಿಗೆ ಬೀಳಬೇಕು ಅಂತ ಯಜಮಾನರಿಗೇ ಅನ್ನಿಸಿತ್ತು. ಈಗಿನ ಅಂಗಡಿಗಳಲ್ಲಿ ಕಾಫಿ ಬೆರೆಸೋದು ಮಾತ್ರ ಮುಂದೆ, ತೊಳೆಯೋದು ಯಾವತ್ತೂ ಹಿಂದೆ, ಆ ಪ್ಲೈವುಡ್ ಬಾಗಿಲ ಆಚೆ. ಅದನ್ನ ಮುಂದಕ್ಕೆ ತನ್ನಿ ಅಂತ ಕೇಳಿ ನೋಡಿ.

ಚಿಕ್ಕಮಗಳೂರು ತೋಟ:
ಕಾಫಿ ಬೆಳೆಯೋರ ಕಡೆಯಿಂದ ಒಂದು ಮಾತು ಸೇರಿಸ್ತೀನಿ. ಅಂಗಡಿ ತಪಾಸಣೆ ಅಂದ್ರೆ ಪುಡಿ ಬಗ್ಗೆನೂ ಕೇಳಿ. ಚಿಕೋರಿ ಬೆರೆಸಿದ ಪುಡೀಲಿ ಕಾಫಿ ಕನಿಷ್ಠ 51 ಪರ್ಸೆಂಟ್ ಇರಬೇಕು, ಎಷ್ಟೆಷ್ಟು ಅಂತ ಪ್ಯಾಕೆಟ್ ಮೇಲೆ ಬರೀಬೇಕು. ಬಿಡಿ ಪುಡಿ ತರೋ ಅಂಗಡೀಲಿ ಇದು ಯಾರಿಗೂ ಗೊತ್ತಾಗಲ್ಲ, ಮೂಟೆ ನೋಡೋರು ಯಾರು? ಆರೋಗ್ಯಕ್ಕೆ ತೊಂದ್ರೆ ಅಂತಲ್ಲ, ದುಡ್ಡು ಕೊಡೋದು ಕಾಫಿಗೆ ಅಲ್ವಾ.

ಪುಟ್ಟನ ಅಮ್ಮ:
ನಾವೇ ಹಾಲೋ ಚಟ್ನಿಯೋ ತಗೊಂಡೋಗಿ ಟೆಸ್ಟ್ ಮಾಡಿಸೋ ಹಾಗಿದ್ಯಾ? ಇಲಾಖೆಯವರು ಬರೋ ತನಕ ಕಾಯ್ಬೇಕಾ? ನನ್ನ ಮಗನಿಗೆ ಚಟ್ನಿ ಅಂದ್ರೆ ಪ್ರಾಣ, ಮಧ್ಯಾಹ್ನದ ಹೊತ್ತಿಗೆ ಅದು ಹುಳಿ ವಾಸನೆ ಬರುತ್ತೆ ಒಂದೊಂದ್ಸಲ.

ರಿಟೈರ್ಡ್ ಇನ್‌ಸ್ಪೆಕ್ಟರ್:
ಮಾಡಿಸಬಹುದಮ್ಮ, ಕಾಯ್ದೆಯ 40ನೇ ಕಲಂ ಅದಕ್ಕೇ ಇದೆ. ಕೊಳ್ಳುವಾಗಲೇ ಅಂಗಡಿಯವರಿಗೆ ಇದನ್ನ ಪರೀಕ್ಷೆಗೆ ಕೊಡ್ತೀನಿ ಅಂತ ತಿಳಿಸಬೇಕು, ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಗೆ ಕೊಡಬೇಕು, ಮಾದರಿ ಗುಣಮಟ್ಟದಲ್ಲಿ ಇಲ್ಲ ಅಂತ ಬಂದ್ರೆ ಶುಲ್ಕ ವಾಪಸ್. ಅಷ್ಟು ಓಡಾಟ ಆಗಲ್ಲ ಅಂದ್ರೆ ಫುಡ್ ಸೇಫ್ಟಿ ಕನೆಕ್ಟ್ ಅನ್ನೋ ಎಫ್‌ಎಸ್‌ಎಸ್‌ಎಐ ಆ್ಯಪ್‌ನಲ್ಲಿ ದೂರು ಹಾಕಿ, ಬಿಲ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರುತ್ತೆ, 2022ರಿಂದ ಅದು ಬಿಲ್ ಮೇಲೆ ಕಡ್ಡಾಯ, ಅದನ್ನ ಸೇರಿಸಿದ್ರೆ ಸರಿಯಾದ ಕಚೇರಿಗೆ ಹೋಗುತ್ತೆ. ಚಟ್ನಿ ಹುಳಿ ಬಂದಿದ್ರೆ ಮಗುಗೆ ಕೊಡ್ಲೇಬೇಡಿ, ತೆಂಗಿನಕಾಯಿ ಚಟ್ನಿ ಹೊರಗಿನ ಶಾಖದಲ್ಲಿ ಗಂಟೆಗಟ್ಟಲೆ ಇಡೋ ಪದಾರ್ಥ ಅಲ್ಲ.

ಮೂರನೇ ಕ್ರಾಸ್‌ನವರೇ, ನಿಮ್ಮ ವರದಿ ಜೊತೆ 32ನೇ ಕಲಂ ಪ್ರಕಾರ ಸುಧಾರಣಾ ನೋಟಿಸ್ ಕೊಟ್ಟಿದಾರಾ ನೋಡಿ. ಕೊಟ್ಟಿದ್ರೆ ಸರಿಪಡಿಸೋಕೆ ಕನಿಷ್ಠ 14 ದಿನ ಟೈಮ್ ಇರುತ್ತೆ, ಆಮೇಲೂ ಮಾಡದಿದ್ರೆ ಆ ಪ್ರದೇಶದ ಆಹಾರ ಸುರಕ್ಷತೆ ಉಸ್ತುವಾರಿ ನೋಡೋ ಅಂಕಿತ ಅಧಿಕಾರಿ ಲೈಸೆನ್ಸ್ ಅಮಾನತು ಮಾಡಬಹುದು. ಅಶುಚಿಗೆ ದಂಡ 1 ಲಕ್ಷದ ತನಕ ಇದೆ. ಆದ್ರೆ ನನ್ನ ಅನುಭವದಲ್ಲಿ ದಂಡಕ್ಕಿಂತ ಗಿರಾಕಿ ಬಂದು ಮರ್ಯಾದೆಯಿಂದ ಕೇಳೋದು ಬೇಗ ಕೆಲಸ ಮಾಡುತ್ತೆ.

ಮೂರನೇ ಕ್ರಾಸ್:
ಹೊಸ ವಿಷಯ ಹೇಳೋಕೆ ಬಂದೆ. ನಾವು ಅಕ್ಕಪಕ್ಕದ ನಾಲ್ಕೈದು ಮನೆಯವರು ಮಧ್ಯಾಹ್ನ ಗಿರಾಕಿ ಕಮ್ಮಿ ಇರೋ ಹೊತ್ತಲ್ಲಿ ಹೋಗಿ ಯಜಮಾನರ ಹತ್ರ ಮಾತಾಡಿದ್ವಿ. ವರದಿ ಕಾಪಿ ನೋಡಿದ ತಕ್ಷಣ ಅವರ ಮುಖ ಬಿಳಿಚಿಕೊಳ್ತು, ಮೊಬೈಲಲ್ಲಿ ವಿಡಿಯೋ ಮಾಡ್ತೀರಾ ಅಂತ ಮೊದಲು ಕೇಳಿದ್ದು ಅದನ್ನೇ. ಇಲ್ಲ ಸರ್, ನಾವು ದಿನಾ ಇಲ್ಲೇ ಕುಡಿಯೋರು, ಮುಂದೆಯೂ ಇಲ್ಲೇ ಕುಡೀಬೇಕು ಅದಕ್ಕೇ ಬಂದಿದೀವಿ ಅಂದ ಮೇಲೆ ಕೂರಿಸಿ ಕಾಫಿ ಕೊಟ್ರು. ನೋಟಿಸ್ ಬಂದಿತ್ತಂತೆ, ಮೋರಿ ಜಾಲರಿ ಹಾಕ್ಸಿ, ಬಕೆಟ್‌ಗೆ ಮುಚ್ಚಳ ತಂದು, ಹುಡುಗ್ರಿಗೆ ಸರ್ಟಿಫಿಕೇಟ್ ಮಾಡಿಸಿದಾರೆ, ತೋರಿಸಿದ್ರು. ನೀರಿಗೆ ಸ್ಯಾಂಪಲ್ ಕೊಟ್ಟಿದೀನಿ ವರದಿ ಬರ್ಬೇಕು ಅಂದ್ರು. ಲೋಟದ ವಿಷಯಕ್ಕೆ ಕುಂದಾಪುರದವರು ಬರೆದಿದ್ದನ್ನ ಓದಿ ಹೇಳಿದೆ, ತುಂಬಾ ಹೊತ್ತು ಸುಮ್ನೆ ಕೂತು ಆಮೇಲೆ ಕ್ರೇಟ್ ಎಲ್ಲಿ ಸಿಗುತ್ತೆ ಅಂತ ಕೇಳಿದ್ರು.

ಆದ್ರೆ ವರದೀನ ಗೋಡೆಗೆ ಹಾಕಿ ಅಂದಿದ್ದಕ್ಕೆ ಒಪ್ಲಿಲ್ಲ. ಪಕ್ಕದ ಅಂಗಡಿಯವನು ಹಾಕಲ್ಲ, ನಾನೊಬ್ಬನೇ ಬಿ ಅಂತ ಹಾಕ್ಕೊಂಡ್ರೆ ಗಿರಾಕಿ ಅಲ್ಲಿಗೆ ಹೋಗ್ತಾರೆ ಅಂದ್ರು. ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಅವರು ಹೇಳಿದ್ದು ಸರಿಯಾಗೇ ಇದೆ. ಎಲ್ರಿಗೂ ಒಟ್ಟಿಗೆ ಕಡ್ಡಾಯ ಮಾಡದೆ ಒಬ್ಬ ಪ್ರಾಮಾಣಿಕನನ್ನ ಮಾತ್ರ ಹಾಕು ಅನ್ನೋದು ಅನ್ಯಾಯ.

ನಲ್ವತ್ತು ವರ್ಷದ ಗಿರಾಕಿ:
ಮುಚ್ಚಿಸೋ ಮಾತು ಎಲ್ಲೂ ಬರ್ಲಿಲ್ಲ, ಸಮಾಧಾನ ಆಯ್ತು. ಎಲ್ಲಾ ಅಂಗಡಿಗೂ ಒಂದೇ ನಿಯಮ ಅಂತಾದ್ರೆ ನಾನೂ ಸಹಿ ಹಾಕ್ತೀನಿ, ನಮ್ಮ ವಾಕಿಂಗ್ ಗುಂಪಿನವರ ಹತ್ರಾನೂ ಹಾಕಿಸ್ತೀನಿ.

ಕುಂದಾಪ್ರ ಹೋಟ್ಲು:
ಎಲ್ರಿಗೂ ಕಡ್ಡಾಯ ಆದ್ರೆ ಚೆನ್ನಾಗಿ ನಡೆಸೋರಿಗೇ ಲಾಭ, ನಂಗೇನೂ ಭಯ ಇಲ್ಲ. ಒಂದು ಷರತ್ತು, ಸರಿಪಡಿಸಿದ ಮೇಲೆ ಬೇಗ ಬಂದು ಮರುತಪಾಸಣೆ ಮಾಡ್ಬೇಕು, ಹಳೇ ಬಿ ಕಾರ್ಡ್ ವರ್ಷಗಟ್ಟಲೆ ನೇತಾಡಬಾರದು. ಆ ಯಜಮಾನರಿಗೆ ಹೇಳಿ, ಕ್ರೇಟಿಗೆ ಅವೆನ್ಯೂ ರೋಡ್ ಹತ್ರ ಪಾತ್ರೆ ಅಂಗಡಿ ಸಾಲಲ್ಲಿ ವಿಚಾರಿಸ್ಲಿ, ಸ್ಟೀಲ್ ತಂತೀದು ತಗೊಳ್ಳಿ, ಪ್ಲಾಸ್ಟಿಕ್ ಕ್ರೇಟ್ ಹಬೆಗೆ ಸೊಟ್ಟಗಾಗುತ್ತೆ.

ಪುಟ್ಟನ ಅಮ್ಮ:
ಆರ್‌ಟಿಐ ಅರ್ಜಿ ಹೇಗೆ ಬರೆದ್ರಿ ಅಂತ ಹಾಕ್ತೀರಾ? ನಮ್ಮ ಏರಿಯಾದ್ದೂ ಕೇಳ್ತೀನಿ.

ಮೂರನೇ ಕ್ರಾಸ್:
ಹಾಕ್ತೀನಿ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಶುಲ್ಕ 10 ರೂಪಾಯಿ, ಕಾಪಿಗೆ ಪುಟಕ್ಕೆ 2 ರೂಪಾಯಿ ಬೇರೆ. ಉತ್ತರಕ್ಕೆ 30 ದಿನ. ಅಭಿಪ್ರಾಯ ಕೇಳ್ಬೇಡಿ, ಕಚೇರೀಲಿ ಇರೋ ದಾಖಲೆ ಮಾತ್ರ ಕೇಳಿ. ನಾನು ಬರೆದಿದ್ದು ಇಷ್ಟೇ: 'ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಅಂಕಿತ ಅಧಿಕಾರಿಗಳ ಕಚೇರಿ. ಈ ಕೆಳಕಂಡ ಎಫ್‌ಎಸ್‌ಎಸ್‌ಎಐ ಸಂಖ್ಯೆಯ ಉದ್ದಿಮೆಯಲ್ಲಿ ಆಹಾರ ಸುರಕ್ಷತಾಧಿಕಾರಿಗಳು ನಡೆಸಿದ ಇತ್ತೀಚಿನ ತಪಾಸಣಾ ವರದಿ, ಅಂಕಪಟ್ಟಿ, ನೀಡಿದ್ದಲ್ಲಿ ಸುಧಾರಣಾ ನೋಟಿಸ್ ಹಾಗೂ ಮರುತಪಾಸಣಾ ವರದಿಯ ದೃಢೀಕೃತ ಪ್ರತಿಗಳನ್ನು ನೀಡಬೇಕಾಗಿ ಕೋರಿಕೆ.' ಕೆಳಗೆ ನಂಬರ್, ವಿಳಾಸ, ನಿಮ್ಮ ಸಹಿ. ನಂಬರ್ ಬಿಲ್ ನೋಡಿ ತಪ್ಪಿಲ್ಲದೆ ಬರೀರಿ, ಒಂದಂಕಿ ಆಚೀಚೆ ಆದ್ರೆ ದಾಖಲೆ ಇಲ್ಲ ಅಂತ ವಾಪಸ್ ಬರುತ್ತೆ.

ರಿಟೈರ್ಡ್ ಇನ್‌ಸ್ಪೆಕ್ಟರ್:
ಚೆನ್ನಾಗಿದೆ. ಸಹಿ ಹಾಕಿಸಿದ ಮನವಿ ಕೊಡೋದಾದ್ರೆ ಆಹಾರ ಸುರಕ್ಷತಾ ಆಯುಕ್ತರಿಗೆ ವಿಳಾಸ ಮಾಡಿ, ತಪಾಸಣೆ ದಿನಾಂಕ, ಗ್ರೇಡ್, ಮರುತಪಾಸಣೆ ದಿನಾಂಕ ಈ ಮೂರೂ ಗಿರಾಕಿಗೆ ಕಾಣೋ ಹಾಗೆ ಹಾಕಿಸಬೇಕು ಅಂತ ಮಾತ್ರ ಕೇಳಿ, ಬೇರೇನೂ ಸೇರಿಸಬೇಡಿ. ಮನವಿ ಕರಡು ನಾನು ಬರೆದುಕೊಡ್ತೀನಿ, ಶನಿವಾರದ ಒಳಗೆ ಇಲ್ಲೇ ಹಾಕ್ತೀನಿ.